ಪೇಂಟ್‌ಬಾಲ್ ಗನ್ನಿಗೆ ಎಷ್ಟು ಉದ್ದದ ಬ್ಯಾರೆಲ್? ಗಾಳಿ ಖರ್ಚಿನ ಲೆಕ್ಕದಲ್ಲಿ 5ರಿಂದ 18 ಇಂಚಿನವರೆಗೆ ಹೋಲಿಕೆ

ಬ್ಯಾರೆಲ್ ಉದ್ದವಾದಷ್ಟೂ ಗುಂಡು ದೂರ ಹೋಗುತ್ತದೆ, ಗುರಿಯೂ ನೇರವಾಗುತ್ತದೆ ಎಂದು ನಂಬಿ ಹೊಸಬರು 16 ಇಲ್ಲವೇ 18 ಇಂಚಿನದಕ್ಕೇ ಕೈಹಾಕುತ್ತಾರೆ. ಪೇಂಟ್‌ಬಾಲ್ ಗನ್ನಿನ ಮಟ್ಟಿಗೆ ಈ ಎರಡೂ ಮಾತು ನಿಲ್ಲುವುದಿಲ್ಲ. ಗುಂಡಿನ ವೇಗಕ್ಕೆ ಮೈದಾನದ ಕಟ್ಟುಪಾಡು ಇರುತ್ತದೆ: ಹೆಚ್ಚಿನ ಕಡೆ ಸೆಕೆಂಡಿಗೆ 280 ಅಡಿ, ಕೆಲವೆಡೆ 300. ಯಾವ ಬ್ಯಾರೆಲ್ ಹಾಕಿಕೊಂಡು ಬಂದರೂ ವೇಗ ಅಳೆಯುವ ಕ್ರೋನೋ ಮುಂದೆ ನಿಂತು ಆ ವೇಗಕ್ಕೆ ಇಳಿಸಿಯೇ ಒಳಗೆ ಹೋಗಬೇಕು. ಹಾಗಾಗಿ ಬ್ಯಾರೆಲ್ ಬದಲಿಸಿದಾಗ ದೂರ ಬದಲಾಗುವುದಿಲ್ಲ. ಅದೇ 280 ಅಡಿ ವೇಗ ತರಲು ಸಿಲಿಂಡರಿನಿಂದ ಎಷ್ಟು ಗಾಳಿ ಹೋಗುತ್ತದೆ ಎಂಬುದು ಬದಲಾಗುತ್ತದೆ.

ನಮ್ಮ ಶಿಫಾರಸನ್ನು ಮೊದಲೇ ಹೇಳಿಬಿಡುತ್ತೇವೆ. ಗುಂಡಿಗೆ ಹೊಂದುವ ಬೋರ್ (ಕೊಳವೆಯ ಒಳ ಅಗಲ) ಇರುವ, ರಂಧ್ರವಿಲ್ಲದ ಭಾಗ 8ರಿಂದ 10 ಇಂಚು ಇರಲಿ. ಅದರ ಮುಂದಿನ ಉದ್ದವನ್ನು ಕೈಗೆ ಒಗ್ಗುವ ಹಾಗೆ ಆರಿಸಿಕೊಳ್ಳಿ, ಒಟ್ಟು ಉದ್ದವನ್ನು 12ರಿಂದ 14 ಇಂಚಿನೊಳಗೆ ಮುಗಿಸಿ. 8 ಇಂಚಿಗಿಂತ ಚಿಕ್ಕದಾದದ್ದೂ ರಂಧ್ರವೇ ಇಲ್ಲದ 16 ಇಂಚಿನದೂ ಗಾಳಿ ತಿನ್ನುತ್ತವೆ, ಬೇರೆ ಬೇರೆ ಕಾರಣಕ್ಕೆ.

ಬ್ಯಾರೆಲ್ಲಿನ ಒಳಗೆ ಏನಾಗುತ್ತದೆ

ಪೇಂಟ್‌ಬಾಲ್ ಗುಂಡು ಹೆಸರಿಗೆ .68 ಇಂಚು, ತೂಕ ಸುಮಾರು 3 ಗ್ರಾಂ. ಅದನ್ನು 280 ಅಡಿ ವೇಗಕ್ಕೆ ತರಲು ಬೇಕಾಗುವ ಶಕ್ತಿ 11 ಜೂಲ್‌ನಷ್ಟೇ. ಈ 11 ಜೂಲನ್ನು 8 ಇಂಚಿನಲ್ಲಿ ಕೊಡಬೇಕಾದರೆ ಗುಂಡಿನ ಬೆನ್ನಿಗೆ ಹೊರಗಿನ ಗಾಳಿಗಿಂತ ಸರಾಸರಿ 33 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಹೆಚ್ಚು ಒತ್ತಡ ಬೇಕು. 5 ಇಂಚಿನಲ್ಲಿ ಮುಗಿಸುವುದಾದರೆ 53, 14 ಇಂಚು ಸಿಕ್ಕರೆ 19 ಸಾಕು. ಇಷ್ಟನ್ನೇ ನೋಡಿದರೆ ಉದ್ದ ಬ್ಯಾರೆಲ್ಲೇ ಮೇಲು ಅನ್ನಿಸುತ್ತದೆ. ಆದರೆ ಬ್ಯಾರೆಲ್ಲಿನ ಒಂದೊಂದು ಇಂಚಿಗೂ ಸುಮಾರು 6 ಸಿಸಿ ಜಾಗವಿದೆ, ಅದನ್ನೆಲ್ಲ ತುಂಬುವುದು ನಿಮ್ಮ ಸಿಲಿಂಡರಿನ ಗಾಳಿಯೇ. 8 ಇಂಚಿಗೆ 48 ಸಿಸಿ ಆದರೆ 14 ಇಂಚಿಗೆ 83.

ಇದಕ್ಕಿಂತ ಮುಖ್ಯವಾದದ್ದು ಗುಂಡಿನ ಹಿಂದೆ ಗಾಳಿ ಬಿಡುವ ವಾಲ್ವ್. ಗುಂಡು ಬಾಯಿ ತಲುಪುವವರೆಗೂ ಅದು ತೆರೆದಿರುವುದಿಲ್ಲ. ಕ್ಷಣ ಮಾತ್ರ ತೆರೆದು ಮುಚ್ಚುತ್ತದೆ. ಆಮೇಲೆ ಹೊಸ ಗಾಳಿ ಬರುವುದಿಲ್ಲ, ಒಳಗೆ ಸಿಕ್ಕಿಕೊಂಡ ಗಾಳಿಯೇ ಹಿಗ್ಗುತ್ತಾ ಗುಂಡನ್ನು ತಳ್ಳುತ್ತದೆ. ಹಿಗ್ಗಿದಂತೆ ಒತ್ತಡ ಬೀಳುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ಗುಂಡು 3 ಇಂಚು ಸರಿಯುವವರೆಗೆ 60 ಪಿಎಸ್‌ಐ ಒತ್ತಡ ಸಿಕ್ಕಿತು, ಅಲ್ಲಿಗೆ ವಾಲ್ವ್ ಮುಚ್ಚಿತು ಎಂದುಕೊಳ್ಳಿ. ಸೋರಿಕೆ, ಘರ್ಷಣೆ ಎರಡನ್ನೂ ಬಿಟ್ಟಿದ್ದೇವೆ. 5 ಇಂಚಿನ ಹೊತ್ತಿಗೆ ಒತ್ತಡ 22 ಪಿಎಸ್‌ಐಗೆ ಇಳಿದಿರುತ್ತದೆ, 8 ಇಂಚಿಗೆ ಬರೀ 4. ಒಂಬತ್ತೂವರೆ ಇಂಚು ದಾಟುತ್ತಿದ್ದಂತೆ ಒಳಗಿನ ಒತ್ತಡವೂ ಹೊರಗಿನದೂ ಒಂದೇ. ಅಲ್ಲಿಂದ ಮುಂದೆ ಗುಂಡಿನ ಹಿಂದೆ ಎಳೆತ ಶುರು: 14 ಇಂಚಿನಲ್ಲಿ ಒಳಗಿನ ಒತ್ತಡ ಹೊರಗಿನದಕ್ಕಿಂತ 6 ಪಿಎಸ್‌ಐ ಕಡಿಮೆ. ತಳ್ಳಬೇಕಾದ ಗಾಳಿಯೇ ಗುಂಡನ್ನು ಹಿಂದಕ್ಕೆ ಹಿಡಿಯುತ್ತಿರುತ್ತದೆ.

ಇದೇ ಲೆಕ್ಕದಲ್ಲಿ ಬಾಯಿಯ ಬಳಿ ಸಿಗುವ ವೇಗ ಹೀಗಿದೆ: 5 ಇಂಚಿನಲ್ಲಿ ಕತ್ತರಿಸಿದರೆ 273 ಅಡಿ, 8ರಲ್ಲಿ 291, ಒಂಬತ್ತೂವರೆಯಲ್ಲಿ 293. ರಂಧ್ರವಿಲ್ಲದ 14 ಇಂಚಿನಲ್ಲಿ ಅದು 285ಕ್ಕೆ ಇಳಿಯುತ್ತದೆ, 18ರಲ್ಲಿ 269ಕ್ಕೆ. ಐದೂ ಬ್ಯಾರೆಲ್ಲಿಗೆ ಹೋದ ಗಾಳಿ ಒಂದೇ. ಮೋಟು ಬ್ಯಾರೆಲ್ಲಿನಲ್ಲಿ ಉಳಿದ ಒತ್ತಡ ಬಾಯಿಂದ ಢಂ ಎಂದು ಹಾರಿಹೋಯಿತು, ಉದ್ದದ್ದರಲ್ಲಿ ಗಳಿಸಿದ ವೇಗವನ್ನು ಬ್ಯಾರೆಲ್ಲೇ ತಿಂದಿತು. 8ರಿಂದ 10 ಇಂಚಿನ ನಡುವೆ ವ್ಯತ್ಯಾಸ ಎರಡೇ ಅಡಿ ಎಂಬುದನ್ನೂ ಗಮನಿಸಿ. ಅಷ್ಟರೊಳಗೆ ಅರ್ಧ ಇಂಚು ಹೆಚ್ಚೋ ಕಡಿಮೆಯೋ ಎಂದು ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ.

ನಿಜವಾದ ಬ್ಯಾರೆಲ್ಲಿನಲ್ಲಿ ಗುಂಡಿನ ಸುತ್ತ ಒಂದಿಷ್ಟು ಸೋರಿಕೆ ಇರುತ್ತದೆ, ಗುಂಡನ್ನು ಬ್ಯಾರೆಲ್ಲಿಗೆ ತಳ್ಳುವ ಬೋಲ್ಟಿನ ಹಿಂದೆಯೂ ಸ್ವಲ್ಪ ಜಾಗವಿರುತ್ತದೆ. ಅಂಕಿಗಳು ಆಚೀಚೆ ಆಗುತ್ತವೆ, ಏರಿ ಇಳಿಯುವ ಕ್ರಮ ಬದಲಾಗುವುದಿಲ್ಲ.

ಹಾಗಾದರೆ ಅಂಗಡಿಯಲ್ಲಿ 14 ಇಂಚಿನವೇ ಏಕೆ ಹೆಚ್ಚು?

ಅವುಗಳ ಮುಂಭಾಗದಲ್ಲಿ ರಂಧ್ರಗಳಿರುವುದರಿಂದ. ಎರಡು ತುಂಡಿನ 14 ಇಂಚಿನ ಬ್ಯಾರೆಲ್ಲನ್ನು ಬಿಚ್ಚಿ ಬೆಳಕಿಗೆ ಹಿಡಿದರೆ ಗೊತ್ತಾಗುತ್ತದೆ. ಗನ್ನಿಗೆ ತಿರುಗಿಸುವ ಹಿಂದಿನ ತುಂಡಿನ ಒಳಗೋಡೆ ನುಣುಪು, ರಂಧ್ರವಿಲ್ಲ, ಬೋರ್ ಬಿಗಿ. ಇದನ್ನೇ ಕಂಟ್ರೋಲ್ ಬೋರ್ ಅನ್ನುತ್ತಾರೆ. ಮುಂದಿನ ತುಂಡಿನ ಬೋರ್ ಒಂದು ಕೂದಲೆಳೆ ದೊಡ್ಡದು, ಮೈತುಂಬ ರಂಧ್ರ. ಗುಂಡು ಅಲ್ಲಿಗೆ ಬರುವಷ್ಟರಲ್ಲಿ ಅದರ ವೇಗ ತೀರ್ಮಾನವಾಗಿರುತ್ತದೆ. ರಂಧ್ರಗಳಿಂದ ಗಾಳಿ ಒಳಗೂ ಹೊರಗೂ ಆಡುವುದರಿಂದ ಹಿಂದೆಳೆಯುವ ನಿರ್ವಾತವೂ ಉಳಿಯುವುದಿಲ್ಲ, ತಳ್ಳುವ ಒತ್ತಡವೂ ಇರುವುದಿಲ್ಲ. ಗುಂಡು ಸುಮ್ಮನೆ ಸಾಗಿಹೋಗುತ್ತದೆ. ಗಾಳಿಯ ಲೆಕ್ಕದಲ್ಲಿ ಇದು ಎಂಟೊಂಬತ್ತು ಇಂಚಿನ ಬ್ಯಾರೆಲ್ಲೇ, ಮೂತಿ ಮಾತ್ರ ಉದ್ದ.

ಆದ್ದರಿಂದ ಕೊಳ್ಳುವಾಗ ಒಟ್ಟು ಉದ್ದ ನೋಡುವುದಕ್ಕಿಂತ ಮೊದಲ ರಂಧ್ರ ಎಲ್ಲಿದೆ ಎಂದು ಸ್ಕೇಲ್ ಇಟ್ಟು ನೋಡಿ. ಗನ್ನಿನ ಕಡೆಯಿಂದ 5 ಇಂಚಿಗೇ ರಂಧ್ರ ಶುರುವಾಗಿದ್ದರೆ ಅದು 14 ಇಂಚಿನ ಬೆಲೆಗೆ ಸಿಗುವ 5 ಇಂಚಿನ ಬ್ಯಾರೆಲ್. ಸದ್ದು ಕಡಿಮೆ ಇರುತ್ತದೆ, ಗಾಳಿ ಬೇಗ ಖಾಲಿಯಾಗುತ್ತದೆ.

ಯಾವ ಉದ್ದ ಯಾರಿಗೆ

5–6 ಇಂಚು: ಪಿಸ್ತೂಲು ಮಾದರಿಯ ಗನ್‌ಗಳಲ್ಲಿ ಬೇರೆ ದಾರಿಯಿಲ್ಲ. ಉಳಿದವರಿಗೆ ಬೇಡ. ಸದ್ದು ಜೋರು, ನಿಮ್ಮ ಜಾಗ ಎದುರಾಳಿಗೆ ಬೇಗ ಗೊತ್ತಾಗುತ್ತದೆ, 280 ಅಡಿ ಮುಟ್ಟಲು ಒತ್ತಡ ಏರಿಸಬೇಕು. ಒತ್ತಡ ಏರಿದಂತೆ ತೆಳು ಸಿಪ್ಪೆಯ ಗುಂಡು ಒಳಗೇ ಒಡೆಯುವ ಸಾಧ್ಯತೆಯೂ ಏರುತ್ತದೆ.

8–10 ಇಂಚು: ಗಾಳಿಯ ವಿಷಯದಲ್ಲಿ ಇದೇ ಮೇಲು. ಟಿಪ್‌ಮನ್ 98 ಕಸ್ಟಮ್ ಜೊತೆ ಬರುವ ಬ್ಯಾರೆಲ್ ಎಂಟೂವರೆ ಇಂಚು. ಅದನ್ನು ಕೀಳರಿಮೆಯಿಂದ ಬಿಚ್ಚಿಹಾಕುವವರು ಬಹಳ ಮಂದಿ. ಉದ್ದದಲ್ಲಿ ಅದಕ್ಕೆ ಕೊರತೆಯೇನೂ ಇಲ್ಲ. ಗುಂಡಿಗೆ ಬೋರ್ ಹೊಂದದಿದ್ದರಷ್ಟೇ ಬದಲಿಸಿ. ಮರಗಿಡಗಳ ನಡುವೆ ಆಡುವವರಿಗೆ, ಮಕ್ಕಳಿಗೆ, ಮೂತಿ ಹಗುರವಾಗಿರಬೇಕು ಎನ್ನುವವರಿಗೆ 10 ಇಂಚು ಚೆನ್ನಾಗಿ ಒಪ್ಪುತ್ತದೆ.

12–14 ಇಂಚು, ಎರಡು ತುಂಡಿನದು: ಸ್ಪೀಡ್‌ಬಾಲ್ ಆಡುವವರ ಆಯ್ಕೆ. ಆಟಗಾರರು ಮರೆಗೆ ನಿಲ್ಲುವ, ಗಾಳಿ ತುಂಬಿದ ಬಂಕರಿನ ಅಂಚನ್ನು ಬ್ಯಾರೆಲ್ಲಿನಿಂದ ಒತ್ತಿ ಸಂದಿ ಮಾಡಿಕೊಳ್ಳಲು ಈ ಉದ್ದ ಬೇಕು. ರಂಧ್ರಗಳಿಂದ ಸದ್ದು ತಗ್ಗುತ್ತದೆ. 8 ಇಂಚಿನದಕ್ಕೆ ಹೋಲಿಸಿದರೆ ಗಾಳಿಯ ನಷ್ಟ ಇಲ್ಲವೆನ್ನುವಷ್ಟು. ಒಂದೇ ಬ್ಯಾರೆಲ್ ಇಟ್ಟುಕೊಳ್ಳುವುದಾದರೆ ಇದನ್ನೇ ಕೊಳ್ಳಿ.

16 ಇಂಚು ಮತ್ತು ಮೇಲೆ: ರಂಧ್ರ ಧಾರಾಳವಾಗಿದ್ದರೆ ಗಾಳಿ ಪೋಲಾಗುವುದಿಲ್ಲ, ತೂಕ ಮಾತ್ರ ಹೊರಬೇಕು, ಬಂಕರಿನಾಚೆ ತಿರುಗುವಾಗ ಮೂತಿ ಮೊದಲು ಕಾಣಿಸಿ ಸಿಕ್ಕಿಬೀಳುತ್ತೀರಿ. ರಂಧ್ರವಿಲ್ಲದಿದ್ದರೆ ಮೇಲೆ ಹೇಳಿದ ನಷ್ಟವೂ ಸೇರುತ್ತದೆ. ಗುರಿ ನೇರವಾಗುತ್ತದೆ ಎಂದು ಇದನ್ನು ಕೊಳ್ಳಬೇಡಿ. ಗುಂಡು ಎಷ್ಟು ಉರುಟಾಗಿದೆ, ಬೋರ್ ಎಷ್ಟು ಸ್ವಚ್ಛವಾಗಿದೆ, ಒಂದು ಗುಂಡಿನಿಂದ ಇನ್ನೊಂದಕ್ಕೆ ವೇಗ ಎಷ್ಟು ಏರುಪೇರಾಗುತ್ತದೆ, ಇವೇ ಗುರಿಯನ್ನು ನಿರ್ಧರಿಸುತ್ತವೆ.

ಉದ್ದಕ್ಕಿಂತ ಬೋರ್ ದೊಡ್ಡ ವಿಷಯ

ಗುಂಡಿನ ಹೊರಮೈಗೂ ಬ್ಯಾರೆಲ್ಲಿನ ಒಳಗೋಡೆಗೂ ನಡುವಿನ ಸಂದಿಯಿಂದ ಎಷ್ಟು ಗಾಳಿ ಮುಂದಕ್ಕೆ ಓಡುತ್ತದೆ ಎನ್ನುವುದು, 10 ಇಂಚೋ 14 ಇಂಚೋ ಎಂಬ ಪ್ರಶ್ನೆಗಿಂತ ಹೆಚ್ಚು ಗಾಳಿ ಉಳಿಸುತ್ತದೆ ಇಲ್ಲವೇ ಕಳೆಯುತ್ತದೆ. .684 ಇಂಚಿನ ಗುಂಡನ್ನು .693 ಬೋರಿಗೆ ಹಾಕಿದಿರಿ ಎನ್ನಿ. ಸಂದಿಯ ಒಟ್ಟು ವಿಸ್ತೀರ್ಣ 6 ಚದರ ಮಿಲಿಮೀಟರ್, ಗುಂಡಿನ ಅಡ್ಡ ವಿಸ್ತೀರ್ಣದ ನೂರಕ್ಕೆ ಮೂರೂ ಅಲ್ಲ. ಅಷ್ಟೇ ತಾನೆ ಅನ್ನಿಸಬಹುದು. ಆದರೆ ಶುರುವಿನ ಇಂಚುಗಳಲ್ಲಿ ಗುಂಡು ಇನ್ನೂ ತೆವಳುತ್ತಿರುವಾಗ ಆ ಸಂದಿಯಲ್ಲಿ ಗಾಳಿ ಶಬ್ದದ ವೇಗಕ್ಕೆ ಹತ್ತಿರ ಓಡುತ್ತಿರುತ್ತದೆ. ಮಲೆನಾಡಿನಲ್ಲಿ ಮಕ್ಕಳು ಬಿದಿರಿನ ಪೆಟ್ಲಿಗೆ ಕಾಯಿ ಆರಿಸುವಾಗ ಸಡಿಲವಾದದ್ದನ್ನು ಎಸೆದುಬಿಡುವುದು ಇದೇ ಕಾರಣಕ್ಕೆ, ಸಡಿಲ ಕಾಯಿ ಪುಸ್ಸೆನ್ನುತ್ತದೆ.

ಹೊಂದಿಕೆ ನೋಡುವ ಕ್ರಮ ಸುಲಭ. ಬ್ಯಾರೆಲ್ಲನ್ನು ಗನ್ನಿನಿಂದ ಬಿಚ್ಚಿ, ಒಳಗೆ ಒರೆಸಿ. ಹಿಂದಿನ ತುದಿಯಲ್ಲಿ ಒಂದು ಗುಂಡು ಇಡಿ. ತಾನಾಗಿ ಉರುಳಿ ಆಚೆ ಬಿದ್ದರೆ ಬೋರ್ ದೊಡ್ಡದು. ನಿಂತುಕೊಂಡು, ಬಾಯಲ್ಲಿ ಊದಿದಾಗ ಸರಾಗ ಹೋದರೆ ಸರಿಯಾಗಿ ಹೊಂದಿದೆ. ಬಲವಾಗಿ ಊದಬೇಕಾದರೆ ಬೋರ್ ಸ್ವಲ್ಪ ಚಿಕ್ಕದು. ಗಾಳಿಯ ಮಟ್ಟಿಗೆ ಇದು ಒಳ್ಳೆಯದೇ, ಸಿಪ್ಪೆ ಗಟ್ಟಿಯಿರುವ ಗುಂಡಾದರೆ ನಡೆಯುತ್ತದೆ. ಬೆರಳಲ್ಲಿ ಒತ್ತಿ ತುರುಕಬೇಕಾಗಿ ಬಂದರೆ ಅದು ಒಳಗೇ ಒಡೆಯುತ್ತದೆ. ಒಂದೇ ಗುಂಡಿನಲ್ಲಿ ನಿರ್ಧರಿಸಬೇಡಿ. ಚೀಲದ ಬೇರೆ ಬೇರೆ ಕಡೆಯಿಂದ ಹತ್ತು ತೆಗೆದು ನೋಡಿ, ಗುಂಡುಗಳು ಪೂರ್ತಿ ಉರುಟಾಗಿರುವುದಿಲ್ಲ, ಹೊಲಿಗೆಯ ಗೆರೆಯ ಕಡೆ ಒಂದಳತೆ, ಅಡ್ಡಕ್ಕೆ ಇನ್ನೊಂದು.

ಸ್ಮಾರ್ಟ್ ಪಾರ್ಟ್ಸ್ ಕಂಪನಿ ತಂದ ಫ್ರೀಕ್ ಬ್ಯಾರೆಲ್ಲಿಗೆ ಒಳಗೆ ತೂರಿಸುವ ಕೊಳವೆಗಳ ಸೆಟ್ ಇರುತ್ತದೆ, .679ರಿಂದ .695ರವರೆಗೆ. ಪೂರ್ತಿ ಸೆಟ್ಟಿಗೆ ದುಡ್ಡು ಹಾಕಲಾಗದಿದ್ದರೆ .684 ಮತ್ತು .689, ಈ ಎರಡೇ ಸಾಕು, ಹೆಚ್ಚಿನ ಗುಂಡುಗಳಿಗೆ ಒಂದಲ್ಲ ಒಂದು ಹೊಂದುತ್ತದೆ. ಗುಂಡಿನ ಸಿಪ್ಪೆ ಜೆಲಟಿನ್‌ನದು, ಗಾಳಿಯ ತೇವ ಹೀರಿ ಊದಿಕೊಂಡು ಮೆತ್ತಗಾಗುತ್ತದೆ. ಮಂಗಳೂರಿನಂಥ ಕರಾವಳಿಯಲ್ಲಿ, ಕೊಡಗಿನ ಮಳೆಗಾಲದಲ್ಲಿ ತೆರೆದಿಟ್ಟ ಚೀಲದ ಗುಂಡು ಬೆಳಿಗ್ಗೆ ಹೊಂದಿದ ಬೋರಿಗೆ ಸಂಜೆ ಬಿಗಿಯಾಗಬಹುದು. ಚೀಲದ ಬಾಯಿ ಕಟ್ಟಿಡಿ.

ಗನ್ನಿನ ಬಗೆಗೆ ತಕ್ಕ ಹಾಗೆ

ಮೇಲಿನ ಲೆಕ್ಕದಲ್ಲಿ ವಾಲ್ವ್ 3 ಇಂಚಿಗೆ ಮುಚ್ಚಿತ್ತು. ಆಟೋಕಾಕರ್ ಅಥವಾ ಎಲೆಕ್ಟ್ರಾನಿಕ್ ಪಾಪೆಟ್ ವಾಲ್ವಿನ (ಬಡಿತಕ್ಕೆ ತೆರೆಯುವ ವಾಲ್ವ್) ಗನ್ನುಗಳು ಈ ಕಡೆಯವು: ಚಿಕ್ಕ, ಚುರುಕಾದ ಹೊಡೆತ. ಇವಕ್ಕೆ 8–9 ಇಂಚಿನ ಕಂಟ್ರೋಲ್ ಬೋರ್ ಸಾಕು. ಪಂಪ್ ಗನ್ನಿನಲ್ಲಿ 12 ಗ್ರಾಂ ಸಿಒ2 ಕ್ಯಾಪ್ಸೂಲ್ ಹಾಕಿ ಒಂದೊಂದು ಗುಂಡನ್ನೂ ಎಣಿಸಿ ಹೊಡೆಯುವವರಿಗಂತೂ ಬಿಗಿ ಬೋರ್, ಕಡಿಮೆ ರಂಧ್ರ, 10 ಇಂಚಿನ ಆಸುಪಾಸು ಸರಿಹೋಗುತ್ತದೆ.

ಸ್ಪೂಲ್ ವಾಲ್ವ್ (ಬೋಲ್ಟೇ ಸರಿದು ಗಾಳಿ ಬಿಡುವ ಬಗೆ) ಗನ್ನುಗಳದು ಬೇರೆ ಹದ. ಪ್ಲ್ಯಾನೆಟ್ ಎಕ್ಲಿಪ್ಸ್‌ನ ಎಮೆಕ್ ಕೆಲಸ ಮಾಡುವುದು 135 ಪಿಎಸ್‌ಐ ಆಸುಪಾಸಿನಲ್ಲಿ. ಕೋಣೆಯಲ್ಲಿ ತುಂಬಿಟ್ಟ ಗಾಳಿ ಮೆತ್ತಗೆ, ಹೆಚ್ಚು ಹೊತ್ತು ಹರಿಯುತ್ತದೆ. 40 ಪಿಎಸ್‌ಐ ಒತ್ತಡ 5 ಇಂಚಿನವರೆಗೆ ಸಿಕ್ಕಿತು ಎಂದು ಅದೇ ಲೆಕ್ಕವನ್ನು ಮತ್ತೆ ಮಾಡಿದರೆ 8 ಇಂಚಿನಲ್ಲಿ 283 ಅಡಿ, 13 ಇಂಚಿನ ಹತ್ತಿರ 297 ಅಡಿ ಬರುತ್ತದೆ. ಅಂದರೆ ಇಂಥ ಗನ್ನಿಗೆ 10–12 ಇಂಚಿನ ಕಂಟ್ರೋಲ್ ಬೋರ್ ಕೊಟ್ಟರೆ ಲಾಭವಿದೆ. 5–6 ಇಂಚಿನ ಚಿಕ್ಕ ಹಿಂಭಾಗವಿರುವ ಬ್ಯಾರೆಲ್ ಇದಕ್ಕೆ ಹೊಂದುವುದಿಲ್ಲ.

ಟಿಪ್‌ಮನ್ 98ರಂಥ, ಹೊಡೆತದ ಗಾಳಿಯಿಂದಲೇ ಮತ್ತೆ ಕಾಕ್ ಆಗುವ ಬ್ಲೋಬ್ಯಾಕ್ ಗನ್ನಿನಲ್ಲಿ ಒಂದು ಸೂಕ್ಷ್ಮ ಇದೆ, ಇದನ್ನು ತಿಳಿಯದೆ ಒಳ್ಳೆಯ ಬ್ಯಾರೆಲ್ ಹಾಕಿಯೂ ಗಾಳಿ ಉಳಿಯಲಿಲ್ಲ ಎನ್ನುವವರಿದ್ದಾರೆ. ಅದರ ಬದಿಯಲ್ಲಿರುವ ವೇಗದ ಸ್ಕ್ರೂ ಗುಂಡಿನತ್ತ ಹೋಗುವ ದಾರಿಯನ್ನು ಕಿರಿದಾಗಿಸುತ್ತದೆ. ವಾಲ್ವ್ ತೆರೆಯುವುದು ಮೊದಲಿನಷ್ಟೇ. ಗುಂಡಿಗೆ ಹೋಗದ ಗಾಳಿ, ವಾಲ್ವನ್ನು ಬಡಿದು ತೆರೆಯುವ ಹ್ಯಾಮರನ್ನು ಹಿಂದಕ್ಕೆ ತಳ್ಳುವುದರಲ್ಲಿ ಕಳೆಯುತ್ತದೆ, ಗನ್ ಹೆಚ್ಚು ಒದೆಯುತ್ತದೆ. ಬ್ಯಾರೆಲ್‌ನಿಂದ ಸಿಕ್ಕ ಲಾಭ ಸಿಲಿಂಡರಿಗೆ ಮರಳಬೇಕಾದರೆ ಸ್ವಲ್ಪ ಮೆದುವಾದ ಮೇನ್ ಸ್ಪ್ರಿಂಗ್ ಹಾಕಿ, ಸ್ಕ್ರೂವನ್ನು ಹೆಚ್ಚು ತೆರೆದಿಟ್ಟು 280ಕ್ಕೆ ತನ್ನಿ. ತೀರಾ ಮೆದುವಾದರೆ ಗನ್ ತಾನಾಗಿ ಕಾಕ್ ಆಗದೆ ಪಟಪಟ ಎಂದು ತಾನೇ ಹೊಡೆಯುತ್ತಾ ಹೋಗುತ್ತದೆ, ಆಗ ಹಳೆಯದಕ್ಕೆ ಮರಳಿ. ಸ್ಪೈಡರ್ ಬಗೆಯವುಗಳಲ್ಲಿ ಹಿಂಬದಿಯ ಸ್ಕ್ರೂ ಸ್ಪ್ರಿಂಗಿನ ಬಿಗಿಯನ್ನೇ ಬದಲಿಸುತ್ತದೆ, ಸಡಿಲಿಸಿದರೆ ಗಾಳಿ ನೇರವಾಗಿ ಉಳಿಯುತ್ತದೆ. ಎಮೆಕ್‌ನಲ್ಲಿ ರೆಗ್ಯುಲೇಟರ್ ಇಳಿಸಿದರೆ ಆಯಿತು. ಎಲೆಕ್ಟ್ರಾನಿಕ್ ಪಾಪೆಟ್‌ನಲ್ಲಿ ಡ್ವೆಲ್ ಸಮಯವನ್ನು (ವಾಲ್ವ್ ತೆರೆಯಲು ಕೊಡುವ ಹೊತ್ತು) ವೇಗ ಬೀಳುವವರೆಗೆ ಇಳಿಸಿ, ಬಿದ್ದ ಮೇಲೆ ಒಂದು ಮಿಲಿಸೆಕೆಂಡ್ ಮೀರದಷ್ಟು ಏರಿಸಿ ನಿಲ್ಲಿಸಿ.

ನೀವೇ ಅಳೆದು ನೋಡುವ ಬಗೆ

ಬ್ಯಾರೆಲ್ ಬದಲಿಸುವಾಗಲೆಲ್ಲ ಮಾಸ್ಕ್ ಹಾಕಿಕೊಂಡಿರಿ, ಗುಂಡು ತುಂಬುವ ಹಾಪರ್ ತೆಗೆಯಿರಿ, ಸಿಲಿಂಡರ್ ಬಿಚ್ಚಿ, ಸುರಕ್ಷಿತ ದಿಕ್ಕಿಗೆ ಹಿಡಿದು ಖಾಲಿ ಹೊಡೆದು ಉಳಿದ ಒತ್ತಡ ಬಿಡಿ. ಆಟದ ಹೊರಗೆ ಬ್ಯಾರೆಲ್ ಕವರ್ ಮರೆಯಬೇಡಿ.

ಮೊದಲನೆಯದು ಕ್ರೋನೋ ಪರೀಕ್ಷೆ. ಹಳೆಯ ಬ್ಯಾರೆಲ್ಲಿನಲ್ಲಿ 280ಕ್ಕೆ ಹೊಂದಿಸಿ, ಹತ್ತು ಗುಂಡಿನ ಸರಾಸರಿ ಬರೆದುಕೊಳ್ಳಿ. ಗನ್ನಿನ ಯಾವ ಸ್ಕ್ರೂವನ್ನೂ ಮುಟ್ಟದೆ ಹೊಸದನ್ನು ಹಾಕಿ, ಅದೇ ಚೀಲದ ಹತ್ತು ಗುಂಡು ಹೊಡೆಯಿರಿ. ವೇಗ ಏರಿದರೆ ಹೊಸದು ಗಾಳಿ ಉಳಿಸುತ್ತದೆ. 280 ಇದ್ದದ್ದು 295 ಆಯಿತು ಎಂದರೆ ಶಕ್ತಿ ನೂರಕ್ಕೆ 11ರಷ್ಟು ಹೆಚ್ಚಾಯಿತು. ವಾಪಸ್ 280ಕ್ಕೆ ಇಳಿಸಿದಾಗ, ಸಿಲಿಂಡರಿಗೆ 1000 ಗುಂಡು ಬರುತ್ತಿದ್ದಲ್ಲಿ 1100ರ ಹತ್ತಿರ ಬರುತ್ತದೆ. ಏರಿದ ವೇಗದಲ್ಲೇ ಆಟಕ್ಕೆ ಇಳಿಯಬೇಡಿ, ಬಿಗಿ ಬೋರ್ ಹಾಕಿದ ಕೂಡಲೇ 300 ದಾಟುವುದು ಅಪರೂಪವಲ್ಲ. ಬ್ಯಾರೆಲ್ ಬದಲಿಸಿದಾಗಲೆಲ್ಲ ಮತ್ತೆ ಕ್ರೋನೋ ಮಾಡಲೇಬೇಕು.

ಎರಡನೆಯದು ತಕ್ಕಡಿ, ಇದೇ ಹೆಚ್ಚು ನಂಬಿಕಸ್ಥ. 68 ಘನ ಇಂಚಿನ 4500 ಪಿಎಸ್‌ಐ ಸಿಲಿಂಡರಿನಲ್ಲಿ ಹಿಡಿಯುವ ಗಾಳಿ ಮುನ್ನೂರೈವತ್ತು ಗ್ರಾಂಗಿಂತ ಸ್ವಲ್ಪ ಹೆಚ್ಚು. ಅಡುಗೆಮನೆಯ ಒಂದು ಗ್ರಾಂ ನಿಖರತೆಯ ಡಿಜಿಟಲ್ ತಕ್ಕಡಿ ಸಾಕು. ಸಿಲಿಂಡರ್ ತೂಗಿ, 280ಕ್ಕೆ ಹೊಂದಿಸಿದ ಗನ್ನಿನಲ್ಲಿ 100 ಗುಂಡು ಹೊಡೆದು, ಮತ್ತೆ ತೂಗಿ. ಮೂವತ್ತು ಗ್ರಾಂ ಆಸುಪಾಸು ಇಳಿದಿರುತ್ತದೆ. ಇನ್ನೊಂದು ಬ್ಯಾರೆಲ್ಲನ್ನೂ 280ಕ್ಕೆ ತಂದು ಅದೇ ರೀತಿ ಮಾಡಿ. ಎರಡು ಮೂರು ಗ್ರಾಂ ವ್ಯತ್ಯಾಸ ಕಂಡರೂ ಅದು ನಿಜವಾದ ಉಳಿತಾಯ. ಸಿಲಿಂಡರಿನ ಮೀಟರ್ ನೋಡಿ ಹೋಲಿಸಬೇಡಿ, ಗಾಳಿ ತುಂಬಿದಾಗ ಬಿಸಿಯಾಗಿ ಮುಳ್ಳು ಮೇಲೆ ಇರುತ್ತದೆ, ತಣಿದಂತೆ ಗುಂಡು ಹೊಡೆಯದೆಯೂ ಇಳಿಯುತ್ತದೆ. ತೂಕಕ್ಕೆ ಬಿಸಿಲು ನೆರಳಿನ ಹಂಗಿಲ್ಲ.

ಈ ಪರೀಕ್ಷೆಗಳಿಗೆ ಸಿಒ2 ಬೇಡ. 21 ಡಿಗ್ರಿಯಲ್ಲಿ 850 ಪಿಎಸ್‌ಐ ಇರುವ ಅದರ ಒತ್ತಡ 30 ಡಿಗ್ರಿ ಬಿಸಿಲಿಗೆ ಸಾವಿರ ದಾಟುತ್ತದೆ, ಬೇಗ ಬೇಗ ಹೊಡೆದರೆ ಸಿಲಿಂಡರ್ ತಣ್ಣಗಾಗಿ ಕುಸಿಯುತ್ತದೆ. ವೇಗ ಬದಲಾದದ್ದು ಬ್ಯಾರೆಲ್‌ನಿಂದಲೋ ಗ್ಯಾಸ್‌ನಿಂದಲೋ ಹೇಳಲಾಗುವುದಿಲ್ಲ. ಒಳಗೆ ಒಂದು ಗುಂಡು ಒಡೆದರೂ ಹಾಗೆಯೇ: ಬಣ್ಣ ಮೆತ್ತಿದ ಬ್ಯಾರೆಲ್ಲಿನ ಲೆಕ್ಕವನ್ನು ಬಿಟ್ಟು, ಒಳಗೆ ಒರೆಸುವ ಸ್ಕ್ವೀಜಿ ಎಳೆದು ಒಣಗಿಸಿ, ಮೊದಲಿಂದ ಶುರುಮಾಡಿ.

ಕೊನೆಗೆ ಥ್ರೆಡ್ಡಿನ ವಿಷಯ. ಆಟೋಕಾಕರ್ ಥ್ರೆಡ್ ಹೆಚ್ಚು ಬಳಕೆಯಲ್ಲಿದೆ, ಎಮೆಕ್‌ಗೂ ಅದೇ. ಟಿಪ್‌ಮನ್ 98ರದು ಬೇರೆ, ಎ-5ರದು ಬೇರೆ, ಸ್ಪೈಡರ್‌ನದು ಇನ್ನೂ ಬೇರೆ. ಹೊಂದದ ಥ್ರೆಡ್ಡನ್ನು ಒತ್ತಿ ತಿರುಗಿಸಿದರೆ ಅಲ್ಯೂಮಿನಿಯಂ ಗನ್ನಿನ ಮೈಯೇ ಹಾಳಾಗುತ್ತದೆ. ಮುಂದೆ ಗನ್ ಬದಲಿಸುವ ಯೋಚನೆಯಿದ್ದರೆ ಆಟೋಕಾಕರ್ ಥ್ರೆಡ್ಡಿನ ಬ್ಯಾರೆಲ್ ಕೊಂಡು, ಈಗಿನ ಗನ್ನಿಗೆ ಅಡಾಪ್ಟರ್ ಹಾಕಿಕೊಳ್ಳಿ. ಎರಡು ತುಂಡಿನ ಬ್ಯಾರೆಲ್ ಆದರೆ ಹಿಂಭಾಗವನ್ನಷ್ಟೇ ಬದಲಿಸಿದರೂ ನಡೆಯುತ್ತದೆ, ಆದರೆ ಎರಡೂ ತುಂಡು ಒಂದೇ ಕಂಪನಿಯ ಒಂದೇ ಮಾದರಿಯವಾಗಿರಬೇಕು.